ಓದದ ಹಾಳೆಯ ತಪ್ಪು
(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ನಮ್ಮ ಪಾಲಿಗೆ ಬರುವ ವಿಷಯ ಸಾಮಾನ್ಯವಾಗಿ ಛಂದಸ್ಸೋ ವ್ಯಾಕರಣವೋ ಹಳಗನ್ನಡ ಕಾವ್ಯದ ಒಂದು ಭಾಗವೋ ಆಗಿರುತ್ತದೆ. ಈ ಸಲ ಕಾರ್ಯದರ್ಶಿಗಳು ಮನೆಗೆ ಬಂದು, “ಮಕ್ಕಳು ದಿನವೂ ಮುಂದಿಟ್ಟುಕೊಂಡು ಕುಳಿತಿರುವ ಗಣಕದ ಒಳಗಿನ ಸಂಗತಿ ಏನಾದರೂ ಹೇಳಬೇಕು, ಆದರೆ ಅದನ್ನು ಕನ್ನಡದಲ್ಲಿಯೇ ಹೇಳಬೇಕು” ಎಂದರು. ವಿಷಯವನ್ನು ಆರಿಸುವ ಸ್ವಾತಂತ್ರ್ಯ ಮಾತ್ರ ನಮಗೆ ಬಿಟ್ಟರು. ಮಂಜೇಶ್ವರದ ಗೋವಿಂದ ಪೈಗಳಂತಹ ಸಂಶೋಧಕರು ಬಾಳಿದ ನೆಲದಲ್ಲಿ ನಿಂತು, ನಮ್ಮ ವೃತ್ತಿಗೆ ಸೇರದ ಶಾಸ್ತ್ರವೊಂದನ್ನು ಕುರಿತು ಮಾತನಾಡುವುದಕ್ಕೆ ಸಂಕೋಚವಾಗುತ್ತದೆ. ಆದರೂ ಒಪ್ಪಿಕೊಂಡೆವು. ಕಾರಣ, ನಮ್ಮದೇ ಒಂದು ತಪ್ಪು. ಅದನ್ನು ಮೊದಲು ನಿವೇದಿಸಿ ಮುಂದುವರಿಯುವೆವು.

ಹತ್ತನೆಯ ತರಗತಿಯವರಿಗೆಂದು ಸಂಧಿಪ್ರಕರಣದ ಒಂದು ಟಿಪ್ಪಣಿಯನ್ನು ನಾವು ಬರೆದುಕೊಟ್ಟು ಹನ್ನೊಂದು ವರ್ಷಗಳಾಗಿದ್ದುವು. ಎರಡೇ ಹಾಳೆ. ಪ್ರತಿವರ್ಷವೂ ಅದನ್ನು ನೆರಳಚ್ಚು ತೆಗೆಸಿ ಹಂಚುವುದು, ಮಕ್ಕಳು ಅದನ್ನು ಕಂಠಪಾಠ ಮಾಡುವುದು, ಕೆಲವರು ತಮ್ಮ ತಂಗಿ ತಮ್ಮಂದಿರಿಗೆ ದಾಟಿಸುವುದು, ಹೀಗೆ ನಡೆದುಬಂದಿತ್ತು. ಕಳೆದ ಕೆಲವು ತಿಂಗಳ ಹಿಂದೆ ಬೇರೆ ಶಾಲೆಯಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಹಾಳೆ ಹಿಡಿದುಕೊಂಡು ಬಂದಳು. “ಮಾಸ್ಟ್ರೆ, ಆಕಾರದ ಮುಂದೆ ಉಕಾರ ಬಂದರೆ ಓಕಾರ. ಅದು ಗುಣಸಂಧಿಯಲ್ಲವೆ? ಮಹೋನ್ನತ ಇಲ್ಲಿ ವೃದ್ಧಿಸಂಧಿಯಲ್ಲಿದೆ” ಎಂದಳು. ನೋಡಿದೆವು. ಹೌದು. ಮೊದಲನೆಯ ಹಾಳೆಯ ಕೊನೆಯಲ್ಲಿ ಸ್ಥಳ ಸಾಲದೆ ಗುಣಸಂಧಿಯ ಕೊನೆಯ ಉದಾಹರಣೆ ಎರಡನೆಯ ಹಾಳೆಗೆ ಇಳಿದು, ವೃದ್ಧಿಸಂಧಿಯೆಂಬ ಶೀರ್ಷಿಕೆಯ ಕೆಳಗೆ, ಏಕೈಕ, ಅಷ್ಟೈಶ್ವರ್ಯ, ವನೌಷಧಗಳ ಮುಂದೆ ಸಾಧುವಿನಂತೆ ಕುಳಿತುಬಿಟ್ಟಿತ್ತು. ಹನ್ನೊಂದು ವರ್ಷ! ಅಷ್ಟು ಮಕ್ಕಳು ಓದಿದ್ದರು; ನಾವು ಅದೆಷ್ಟು ಸಲ ಕೈಯಲ್ಲಿ ಹಿಡಿದಿದ್ದೆವೋ! ಪರೀಕ್ಷೆಯಲ್ಲಿ ಆ ಪದ ಬಂದಿರಲಿಲ್ಲ, ಆದುದರಿಂದ ಯಾರಿಗೂ ಅಂಕ ಕಡಮೆಯಾಗಲಿಲ್ಲ, ಯಾರೂ ದೂರಲಿಲ್ಲ. ಈ ಹುಡುಗಿ ಮಾತ್ರ ಕಂಠಪಾಠ ಮಾಡದೆ ಒಂದೊಂದು ಪದವನ್ನೂ ಬಿಡಿಸಿ ನೋಡುತ್ತಾ ಬಂದಿದ್ದಳು.

ಇದನ್ನು ನಾವು ನಾಚಿಕೆಯಿಂದ ಹೇಳಿಕೊಂಡಾಗ, ಬೇಸಗೆಯ ರಜೆಗೆ ಊರಿಗೆ ಬಂದಿದ್ದ ನಮ್ಮ ಹಳೆಯ ಶಿಷ್ಯನೊಬ್ಬನು ನಕ್ಕನು. ಅವನು ಬೆಂಗಳೂರಿನಲ್ಲಿ ಗಣಕದ ತಂತ್ರಾಂಶಗಳಲ್ಲಿ ದೋಷ ಹುಡುಕುವ ಕೆಲಸದವನು. “ನಿಮ್ಮದು ಹನ್ನೊಂದು ವರ್ಷವಷ್ಟೆ. ನಮ್ಮಲ್ಲಿ ಹದಿನಾರು ವರ್ಷ ಸಿಕ್ಕದೆ ಉಳಿದವುಗಳುಂಟು” ಎಂದನು. ಮೂರು ಸಂಜೆ ಅವನನ್ನು ಕೂರಿಸಿಕೊಂಡು ಕೇಳಿದೆವು. ಆಮೇಲೆ ನಾವೂ ಓದಿದೆವು. ಅದರಲ್ಲಿ ನಮಗೆ ಅರ್ಥವಾದಷ್ಟನ್ನು ತಮ್ಮ ಮುಂದಿಡುವೆವು.

ಗಣಕದ ತೆರೆಯ ಮೇಲೆ ನಾವು ಕಾಣುವ ಅಕ್ಷರ, ಚಿತ್ರ, ಆಟ ಇವೆಲ್ಲದರ ಅಡಿಯಲ್ಲಿ ಒಂದು ಕಾರ್ಯಾಚರಣ ವ್ಯವಸ್ಥೆ ಉಂಟು. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಂತ್ರದ ಸಮಸ್ತ ಉಗ್ರಾಣದ ಬೀಗದ ಕೈಗೊಂಚಲು ಇರುವುದು ಕರ್ನೆಲಿನ ಸೊಂಟದಲ್ಲಿ. ಯಾವ ಕೆಲಸಕ್ಕೆ ಎಷ್ಟು ಸ್ಥಳ, ಯಾರ ಕಾಗದವನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂಬುದನ್ನೆಲ್ಲ ಅದು ನಿರ್ಣಯಿಸುತ್ತದೆ. ಇನ್ನು ಮುದ್ರಣಯಂತ್ರ, ಕೀಲಿಮಣೆ, ಕ್ಯಾಮರಾ, ದೂರವಾಣಿಯ ತಂತಿಗೆ ಹೊಂದಿಸುವ ಮೋಡೆಮ್ ಮೊದಲಾದ ಸಾಧನಗಳು ಒಂದೊಂದೂ ತನ್ನದೇ ಭಾಷೆಯನ್ನು ಆಡುತ್ತವೆ. ಸಪ್ತಭಾಷಾ ಸಂಗಮವೆನಿಸಿದ ಕಾಸರಗೋಡಿನವರಿಗೆ ದುಭಾಷಿಯ ಅಗತ್ಯವನ್ನು ವಿವರಿಸಿ ಹೇಳಬೇಕಾದುದಿಲ್ಲ. ಕರ್ನೆಲಿಗೂ ಸಾಧನಕ್ಕೂ ನಡುವೆ ನಿಂತು ಮಾತನ್ನು ದಾಟಿಸುವ ದುಭಾಷಿ ತಂತ್ರಾಂಶವೇ ಡ್ರೈವರ್. ಡ್ರೈವರ್ ಎಂದೊಡನೆ ನಮ್ಮ ಕಣ್ಣಿಗೆ ಬಸ್ಸು ನಡೆಸುವವನು ಬರುತ್ತಾನೆ, ಇಲ್ಲಿ ಅವನಲ್ಲ.

ಈ ದುಭಾಷಿ ಹೊರಗಿನ ಜಗಲಿಯಲ್ಲಿ ನಿಂತು ಮಾತನಾಡುವುದಾದರೆ ಚಿಂತೆಯಿಲ್ಲ. ಸಾಮಾನ್ಯವಾಗಿ ಅವನನ್ನು ಒಳಗಿನ ಉಗ್ರಾಣಕ್ಕೇ ಬಿಟ್ಟುಕೊಂಡಿರುತ್ತಾರೆ. ಬೀಗದ ಕೈಗಳೆಲ್ಲ ಅವನ ಕೈಗೂ ಎಟಕುತ್ತವೆ. ಆದುದರಿಂದ ಮುದ್ರಣಯಂತ್ರದ ಡ್ರೈವರಿನಲ್ಲಿ ಒಂದು ತಪ್ಪಿದ್ದರೆ ಕೆಡುವುದು ಮುದ್ರಣ ಮಾತ್ರವಲ್ಲ. ಆ ತಪ್ಪನ್ನು ಬಲ್ಲ ಧೂರ್ತನೊಬ್ಬನು ಅದರ ಮೂಲಕ ಯಂತ್ರದ ಯಜಮಾನಿಕೆಯನ್ನೇ ಪಡೆಯಬಹುದು. ನಮ್ಮ ವಿಷಯದ ತೂಕವಿರುವುದು ಇಲ್ಲಿ.

ಈ ಮಾತು ನಮ್ಮ ಮನೆಗಳಿಗೆ ದೂರದ್ದಲ್ಲ. ಕೇರಳದ ಶಾಲೆಗಳ ಗಣಕಗಳಲ್ಲಿ ಬಹುಕಾಲದಿಂದ ನಡೆಯುತ್ತಿರುವುದು ಲಿನಕ್ಸ್ ಕರ್ನೆಲಿನ ಮೇಲೆ ಕಟ್ಟಿದ ವ್ಯವಸ್ಥೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಐ.ಟಿ. ಪಾಠವನ್ನು ಕನ್ನಡ ಪುಸ್ತಕದಲ್ಲಿ ಓದಿ, ಲ್ಯಾಬಿನಲ್ಲಿ ಅದೇ ವ್ಯವಸ್ಥೆಯ ಮುಂದೆ ಕುಳಿತು ಅಭ್ಯಾಸ ಮಾಡುತ್ತಾರೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಆ ಕರ್ನೆಲನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2020ರ ಆರಂಭಕ್ಕೆ ಅದು ಸುಮಾರು 2 ಕೋಟಿ 78 ಲಕ್ಷ ಸಾಲುಗಳಷ್ಟು ಬೆಳೆದಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರುಗಳು. ಒಂದು ಗಣಕಕ್ಕೆ ಬೇಕಾದುದು ಅವುಗಳಲ್ಲಿ ಬೆರಳೆಣಿಕೆಯಷ್ಟು. ಉಳಿದುವು ಲೋಕದ ಯಾವುದೋ ಮೂಲೆಯ ಯಾವುದೋ ಸಾಧನಕ್ಕಾಗಿ ಬರೆದವು.

ಅನೇಕರು ಓದಬಲ್ಲ ಗ್ರಂಥದಲ್ಲಿ ತಪ್ಪು ಬಹುಕಾಲ ಅಡಗಿರಲಾರದು ಎಂಬ ನಂಬಿಕೆ ಆ ವಲಯದಲ್ಲಿ ಬಲವಾಗಿತ್ತು. ನಂಬಿಕೆಯೇನೋ ಚೆನ್ನಾಗಿದೆ. ಆದರೆ ಓದಬಹುದಾದುದು ಬೇರೆ, ಓದಿದುದು ಬೇರೆ. ಭಂಡಾರದ ಬಾಗಿಲು ತೆರೆದಿರುವ ಮಾತ್ರಕ್ಕೆ ಎಲ್ಲ ಓಲೆಗಳನ್ನೂ ಬಿಚ್ಚಿ ನೋಡಿದಂತಾಗುವುದಿಲ್ಲವಷ್ಟೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾಸನ್ ಎಂಗ್ಲರ್ ಮತ್ತು ಅವರ ಸಂಗಡಿಗರು ತಪ್ಪು ಹುಡುಕುವ ತಂತ್ರಾಂಶವೊಂದನ್ನೇ ರಚಿಸಿ, ಲಿನಕ್ಸ್ ಕರ್ನೆಲಿನ ಮೇಲೆ ಓಡಿಸಿ, 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕರ್ನೆಲಿನ ಉಳಿದ ಭಾಗಗಳಿಗಿಂತ ಡ್ರೈವರುಗಳಲ್ಲಿ ದೋಷದ ಪ್ರಮಾಣ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಾಗಿತ್ತು. ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಡ್ರೈವರನ್ನು ಬರೆಯುವವನಿಗೆ ತನ್ನ ಸಾಧನ ಗೊತ್ತು, ಕರ್ನೆಲಿನ ಆಚಾರವ್ಯವಹಾರ ಅಷ್ಟಾಗಿ ಗೊತ್ತಿಲ್ಲ. ಕರ್ನೆಲನ್ನು ಬಲ್ಲವನ ಬಳಿ ಆ ಸಾಧನ ಇರುವುದಿಲ್ಲ. ಸಾಧನವಿಲ್ಲದೆ ಪರೀಕ್ಷಿಸುವ ಬಗೆ ಹೇಗೆ? ಮೇಲಾಗಿ ಹೊಸ ಡ್ರೈವರನ್ನು ಮೊದಲಿನಿಂದ ಬರೆಯದೆ ಹಳೆಯದೊಂದನ್ನು ಪ್ರತಿಮಾಡಿಕೊಂಡು ತಿದ್ದುವ ರೂಢಿಯುಂಟು. ಪ್ರತಿಕಾರನ ಕೈಯಲ್ಲಿ ಗ್ರಂಥಕ್ಕೆ ಏನಾಗುತ್ತದೆಂಬುದು ಹಳಗನ್ನಡವನ್ನು ಓದಿದವರಿಗೆ ಹೊಸತಲ್ಲ.

ಇಂಗ್ಲಿಷಿನಲ್ಲಿ ಈ ದೋಷಗಳಿಗೆ ಬಗ್ ಎನ್ನುತ್ತಾರೆ, ಎಂದರೆ ಹುಳು. ಓಲೆಗರಿಗೆ ಹುಳು ಹಿಡಿಯುವುದು ಹೊರಗಿನಿಂದ. ಇಲ್ಲಿಯದು ಬರೆದವನ ಕೈಯಿಂದಲೇ ಹುಟ್ಟಿದ್ದು. ಆದುದರಿಂದ ನಾವು ತಪ್ಪು ಎಂದೇ ಕರೆಯುವೆವು.

ಈಗ ಒಂದು ತಪ್ಪಿನ ಚರಿತ್ರೆಯನ್ನು ವಿಸ್ತಾರವಾಗಿ ನೋಡೋಣ. ಲಿನಕ್ಸಿನಲ್ಲಿ ಎನ್-ಎಚ್‌ಡಿಎಲ್‌ಸಿ ಎಂಬ ಡ್ರೈವರೊಂದುಂಟು. ಹೆಸರು ನಾಲಗೆಗೆ ಒಗ್ಗುವಂಥದಲ್ಲ, ಮರೆತರೂ ಬಾಧಕವಿಲ್ಲ. ತಂತಿಯ ಮೂಲಕ ಸುದ್ದಿಯನ್ನು ಕಟ್ಟುಕಟ್ಟಾಗಿ ಕಳುಹಿಸುವ ಅಪರೂಪದ ಒಂದು ಬಗೆಯ ಸಾಧನಕ್ಕೆ ಅದು ಬೇಕು. ಅದು ಕೆಲಸ ಮಾಡುವ ಕ್ರಮವನ್ನು ನಮ್ಮ ಊಟದ ಮನೆಯ ಉಗ್ರಾಣಕ್ಕೆ ಹೋಲಿಸಬಹುದು. ಉಗ್ರಾಣದಿಂದ ತಂದ ಪಾತ್ರೆಗಳುಂಟು. ಖಾಲಿ ಪಾತ್ರೆಗಳದು ಒಂದು ಸಾಲು. ತುಂಬಿಸಿ ಬಡಿಸಲು ಕಾದಿರುವ ಪಾತ್ರೆಗಳದು ಇನ್ನೊಂದು ಸಾಲು. ಬಡಿಸುವವನು ಒಂದು ತುಂಬಿದ ಪಾತ್ರೆಯನ್ನೆತ್ತಿ ಹೊರಡುತ್ತಾನೆ. ಪಂಕ್ತಿಯಲ್ಲಿ ಏನೋ ಅಡ್ಡಿ, ಬಡಿಸಲಾಗಲಿಲ್ಲ. ಆಗ ಆ ಪಾತ್ರೆಯನ್ನು ಬೇರೊಂದು ಮಣೆಯ ಮೇಲಿಟ್ಟು, ಮತ್ತೆ ಅದನ್ನೇ ಮೊದಲು ಬಡಿಸಬೇಕೆಂದು ಗುರುತು ಮಾಡಿಕೊಳ್ಳುತ್ತಾನೆ. ಬಡಿಸಿಯಾದ ಮೇಲೆ ಪಾತ್ರೆಯನ್ನು ಖಾಲಿ ಸಾಲಿಗೆ ಸೇರಿಸುತ್ತಾನೆ. ಇಲ್ಲಿಯವರೆಗೆ ಎಲ್ಲವೂ ಸರಿ.

2009ರ ಜೂನ್ ತಿಂಗಳಿನಲ್ಲಿ ಈ ಡ್ರೈವರಿಗೆ ಒಂದು ಹೊಸ ಸೌಕರ್ಯವನ್ನು ಸೇರಿಸಿದರು. “ಕಾದಿರುವುದನ್ನೆಲ್ಲ ಚೆಲ್ಲಿಬಿಡು” ಎಂಬ ಆಜ್ಞೆ ಬಂದರೆ ತುಂಬಿದ ಪಾತ್ರೆಗಳನ್ನೆಲ್ಲ ಬರಿದುಮಾಡಿ ಖಾಲಿ ಸಾಲಿಗೆ ಹಾಕುವ ಸೌಕರ್ಯ. ಮಣೆಯ ಮೇಲಿರುವ ಪಾತ್ರೆಯನ್ನೂ ಹಾಗೆಯೇ ಮಾಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಬಡಿಸುವವನು ಮಣೆಯ ಮೇಲಿನ ಪಾತ್ರೆಗೆ ಕೈಹಾಕಿದ ಅದೇ ನಿಮಿಷದಲ್ಲಿ ಚೆಲ್ಲುವವನೂ ಅದಕ್ಕೇ ಕೈಹಾಕಿದರೆ? ಇಬ್ಬರೂ ಒಂದೇ ಪಾತ್ರೆಯನ್ನು ಖಾಲಿ ಸಾಲಿನ ಲೆಕ್ಕದಲ್ಲಿ ಬರೆದುಬಿಡುತ್ತಾರೆ. ಪಾತ್ರೆ ಒಂದು, ಲೆಕ್ಕದಲ್ಲಿ ಎರಡು. ಕೆಲಸ ಮುಗಿದು ಪಾತ್ರೆಗಳನ್ನು ಉಗ್ರಾಣಕ್ಕೆ ಒಪ್ಪಿಸುವಾಗ ಒಂದೇ ಪಾತ್ರೆಯನ್ನು ಎರಡು ಸಲ ಒಪ್ಪಿಸಿದಂತಾಗುತ್ತದೆ. ಮೊದಲನೆಯ ಒಪ್ಪಿಸುವಿಕೆಗೂ ಎರಡನೆಯದಕ್ಕೂ ನಡುವೆ ಉಗ್ರಾಣಿಯು ಅದೇ ಪಾತ್ರೆಯನ್ನು ಮತ್ತೊಬ್ಬನಿಗೆ ಕೊಟ್ಟಿರಬಹುದು. ಎರಡನೆಯ ಸಲ ಒಪ್ಪಿಸಿದಾಗ, ಬಳಕೆಯಲ್ಲಿರುವ ಆ ಪಾತ್ರೆಯನ್ನೇ ಖಾಲಿಯೆಂದು ತಿಳಿದು ಮೂರನೆಯವನಿಗೂ ಕೊಟ್ಟಾನು. ಹೀಗೆ ಇಬ್ಬರ ಕೈಯಲ್ಲಿ ಒಂದೇ ಪಾತ್ರೆ ಸಿಕ್ಕಿದಾಗ, ಅವರಲ್ಲೊಬ್ಬನು ವಂಚಕನಾದರೆ ಇನ್ನೊಬ್ಬನ ಅನ್ನದಲ್ಲಿ ತನಗೆ ಬೇಕಾದುದನ್ನು ಬೆರೆಸಬಹುದು. ಗಣಕದಲ್ಲಿ ಪಾತ್ರೆಯೆಂದರೆ ಮೆಮೊರಿಯ ತುಣುಕು; ಬೆರೆಸುವುದೆಂದರೆ ಕರ್ನೆಲನ್ನು ಮೋಸಗೊಳಿಸಿ ಯಜಮಾನನ ಅಧಿಕಾರವನ್ನು ಕಸಿದುಕೊಳ್ಳುವುದು.

ಇದು 2009ರಿಂದ 2017ರ ಫೆಬ್ರವರಿಯವರೆಗೆ, ಸುಮಾರು ಏಳು ಮುಕ್ಕಾಲು ವರ್ಷ, ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಸಾಧನವೇ ಅಪರೂಪ, ಅದನ್ನು ಬಳಸುವವರಲ್ಲಿಯೂ ಕಳುಹಿಸುವಿಕೆಗೆ ಅಡ್ಡಿ ಬಂದಿರಬೇಕು, ಅದೇ ಹೊತ್ತಿಗೆ ಚೆಲ್ಲುವ ಆಜ್ಞೆಯೂ ಬರಬೇಕು, ಎರಡೂ ಕಣ್ಣು ಮಿಟುಕಿಸುವುದಕ್ಕಿಂತ ಕಿರಿದಾದ ಅವಧಿಯಲ್ಲಿ ಕೂಡಬೇಕು. ಪ್ರಾಮಾಣಿಕ ಬಳಕೆದಾರನಿಗೆ ಆ ಯೋಗ ಕೂಡಿಬರುವುದು ದುರ್ಲಭ. ಆದರೆ ಕುಚೋದ್ಯದವನು ಅದನ್ನು ಬೇಕೆಂದೇ ಸಾವಿರ ಸಲ ಕೂಡಿಸಿ ನೋಡಬಲ್ಲನು. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಆ ಸಾಧನವನ್ನು ಕಂಡೇ ಇರದ ಗಣಕಗಳಲ್ಲಿಯೂ ಈ ಡ್ರೈವರು ಮಲಗಿರುತ್ತಿತ್ತು. ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರನು ಒಂದು ಮಾತಿನಿಂದ ಅದನ್ನು ಎಬ್ಬಿಸಬಹುದಾಗಿತ್ತು. ಪ್ರಸಿದ್ಧವಾದ ಲಿನಕ್ಸ್ ಸಂಚಯಗಳಲ್ಲಿ ಹೆಚ್ಚಿನವು ಇದನ್ನು ಒಳಗೊಂಡಿದ್ದುವು.

ಕಂಡುಹಿಡಿದವರು ಅಲೆಕ್ಸಾಂಡರ್ ಪೊಪೊವ್ ಎಂಬ ರಷ್ಯದ ಸಂಶೋಧಕರು. ಅವರು ಈ ಡ್ರೈವರನ್ನು ಮೊದಲಿನಿಂದ ಓದುತ್ತ ಹೋಗಿ ಕಂಡದ್ದಲ್ಲ. ಸಿಝ್‌ಕಾಲರ್ ಎಂಬ ಒಂದು ಪರೀಕ್ಷಕ ತಂತ್ರಾಂಶವನ್ನು ಓಡಿಸಿದಾಗ ಕರ್ನೆಲು ಸಂಶಯಾಸ್ಪದವಾಗಿ ಕುಸಿಯಿತು. ಕುಸಿದ ಜಾಗವನ್ನು ಬೆನ್ನುಹತ್ತಿ ಹೋಗಿ ಮಣೆಯ ಮೇಲಿನ ಪಾತ್ರೆಯನ್ನು ಕಂಡರು. ಕುಸಿತವನ್ನು ಕಂಡು ಮತ್ತೆ ಗಣಕವನ್ನು ಚಾಲೂ ಮಾಡಿ ಸುಮ್ಮನಾಗುವವರೇ ಲೋಕದಲ್ಲಿ ಹೆಚ್ಚು. ನಮಗೆ ಮೆಚ್ಚಿಗೆಯಾದುದು ಅವರ ಮುಂದಿನ ನಡತೆ. ತಪ್ಪು ಸಿಕ್ಕಿತೆಂದು ಊರಿಗೆಲ್ಲ ಡಂಗುರ ಸಾರಲಿಲ್ಲ. ಫೆಬ್ರವರಿ 28ರಂದು ಕರ್ನೆಲಿನ ಪಾಲಕರಿಗೆ ಗುಟ್ಟಾಗಿ ತಿಳಿಸಿದರು. ಅದರೊಡನೆ ತಿದ್ದುಪಡಿಯನ್ನೂ ತಾವೇ ಬರೆದು ಕಳುಹಿಸಿದರು. ಮಾರ್ಚ್ 7ರಂದು ಅದು ಬಹಿರಂಗವಾಯಿತು. ತಿದ್ದುಪಡಿಯೂ ಸರಳವಾಗಿದೆ. ಬೇರೆ ಮಣೆಯನ್ನೇ ತೆಗೆದುಹಾಕಿ, ಬಡಿಸಲಾಗದ ಪಾತ್ರೆಯನ್ನು ಕಾದಿರುವ ಸಾಲಿನ ತಲೆಗೇ ಮರಳಿ ಇಡುವುದು. ಮಣೆಯಿಲ್ಲವಾದ ಮೇಲೆ ಜಗಳವೆಲ್ಲಿ?

ಈ ಪರೀಕ್ಷಕ ತಂತ್ರಾಂಶದ ವಂಶವೃಕ್ಷವನ್ನು ಕೇಳಿದಾಗ ನಮಗೆ ಅತ್ಯಂತ ಸಂತೋಷವಾಯಿತು. ಅದರ ಮೂಲದಲ್ಲಿ ಒಂದು ಮಳೆಯುಂಟು. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಎಂಬವರು ಒಂದು ಬಿರುಗಾಳಿ ಮಳೆಯ ರಾತ್ರಿ ತಮ್ಮ ಮನೆಯಿಂದ ದೂರವಾಣಿಯ ತಂತಿಯ ಮೂಲಕ ವಿಶ್ವವಿದ್ಯಾಲಯದ ಗಣಕದಲ್ಲಿ ಕೆಲಸ ಮಾಡುತ್ತಿದ್ದರು. ಸಿಡಿಲು ಮಳೆಯಿಂದ ತಂತಿಯಲ್ಲಿ ಗದ್ದಲವೆದ್ದು ಅವರು ಟೈಪು ಮಾಡಿದ ಅಕ್ಷರಗಳ ನಡುವೆ ಅಡ್ಡಾದಿಡ್ಡಿ ಅಕ್ಷರಗಳು ಸೇರತೊಡಗಿದುವು. ಕರ್ಕಾಟಕದ ಮಳೆಯಲ್ಲಿ ನಮ್ಮ ದೂರವಾಣಿಗಳು ಗೊರಗೊರ ಎನ್ನುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ಗದ್ದಲ ಬಂದುದರಲ್ಲಿ ಮಿಲ್ಲರರಿಗೆ ಆಶ್ಚರ್ಯವಾಗಲಿಲ್ಲ. ಆ ಅಕ್ಷರಗಳನ್ನು ನುಂಗಿದ ತಂತ್ರಾಂಶಗಳು, ಎಲ್ಲರೂ ನಂಬಿ ಬಳಸುತ್ತಿದ್ದಂಥವು, ದೊಪ್ಪೆಂದು ಬೀಳುತ್ತಿದ್ದುದು ಅವರಿಗೆ ಆಶ್ಚರ್ಯವಾಯಿತು. ಅದನ್ನು ಅವರು ತರಗತಿಗೆ ಒಂದು ಅಭ್ಯಾಸವಾಗಿ ಕೊಟ್ಟರು. ಬೇಕೆಂದೇ ಅರ್ಥವಿಲ್ಲದ ಅಕ್ಷರಗಳನ್ನು ತಂತ್ರಾಂಶಗಳಿಗೆ ಉಣಿಸಿ, ಯಾವುದು ತಾಳುತ್ತದೆ, ಯಾವುದು ತಾಳುವುದಿಲ್ಲ ನೋಡಿ ಎಂದರು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷಿಸಿದವುಗಳಲ್ಲಿ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬಿದ್ದುಹೋಗಿದ್ದುವು. ತರಗತಿಯ ಅಭ್ಯಾಸವೊಂದು ಶಾಸ್ತ್ರವಾಗಿ ಬೆಳೆದ ಬಗೆ ಇದು. ಅಧ್ಯಾಪಕರಾದ ನಮಗೆ ಇದರಲ್ಲಿ ಸ್ವಲ್ಪ ಅಸೂಯೆಯೂ ಆಗದೆ ಇಲ್ಲ.

ಗೂಗಲ್ ಸಂಸ್ಥೆಯ ಡ್ಮಿಟ್ರಿ ವ್ಯೂಕೊವ್ ಮತ್ತು ಅವರ ಜೊತೆಯವರು ರಚಿಸಿದ ಸಿಝ್‌ಕಾಲರ್ ಇದೇ ಮಳೆಯ ಮೊಮ್ಮಗು. ಆದರೆ ಅಜ್ಜನಿಗಿಂತ ಜಾಣ. ಅದು ಕರ್ನೆಲಿಗೆ ಕಂಡಕಂಡಂತೆ ಆಜ್ಞೆಗಳನ್ನು ಕೊಡುತ್ತ, ಪ್ರತಿಸಲವೂ ಕರ್ನೆಲಿನ ಯಾವ ಯಾವ ಸಾಲು ಓಡಿತೆಂಬುದನ್ನು ಗಮನಿಸುತ್ತದೆ. ಈವರೆಗೆ ಯಾರೂ ತುಳಿಯದ ಹಾದಿಯೊಂದು ತೆರೆದರೆ ಆ ಆಜ್ಞೆಯನ್ನು ಜೋಪಾನವಾಗಿಟ್ಟುಕೊಂಡು, ಅದನ್ನೇ ಸ್ವಲ್ಪ ಬದಲಿಸಿ ಮತ್ತೂ ಒಳಗೆ ಹೋಗುತ್ತದೆ. ಹಗಲಿರುಳೂ ಬೇಸರವಿಲ್ಲ. ನಮ್ಮ ಹುಡುಗಿ ಮಾಡಿದ್ದೂ ಇದನ್ನೇ ಎಂದರೆ ಉತ್ಪ್ರೇಕ್ಷೆಯಾದೀತು; ಆದರೂ ಪರೀಕ್ಷೆಯಲ್ಲಿ ಬರುವ ಪದಗಳ ಹಾದಿಯನ್ನು ಬಿಟ್ಟು, ಬಾರದ ಪದದ ಹಾದಿಯಲ್ಲಿ ಆಕೆ ಹೆಜ್ಜೆಯಿಟ್ಟದ್ದಂತೂ ನಿಜ.

2021ರ ಮಾರ್ಚಿನಲ್ಲಿ ಗ್ರಿಮ್ ಎಂಬ ಸಂಸ್ಥೆಯ ಸಂಶೋಧಕರು ಲಿನಕ್ಸಿನ ಇನ್ನೊಂದು ಮೂಲೆಯಲ್ಲಿ ಮೂರು ತಪ್ಪುಗಳನ್ನು ಬಯಲಿಗೆ ತಂದರು. ದೂರದ ಗಣಕದಲ್ಲಿರುವ ತಟ್ಟೆಯನ್ನು ನಮ್ಮದೇ ಗಣಕದ ತಟ್ಟೆಯಂತೆ ಬಳಸುವ ಐ-ಸ್ಕಸಿ ಎಂಬ ಸೌಕರ್ಯದ ಭಾಗ ಅದು. ತಪ್ಪುಗಳು 2006ರಷ್ಟು ಹಳೆಯವು. ಅವುಗಳಲ್ಲೊಂದು, ಒಂದು ಹಾಳೆಯಲ್ಲಿ, ಎಂದರೆ ಗಣಕದ ಲೆಕ್ಕದಲ್ಲಿ 4096 ಬೈಟುಗಳಲ್ಲಿ, ಹಿಡಿಸಬೇಕಾದ ಬರಹ ಅದಕ್ಕಿಂತ ಉದ್ದವಾದರೆ ಏನು ಗತಿಯೆಂದು ಕೇಳದೆ ಬರೆದುದರಿಂದ ಆದದ್ದು. ಉದ್ದದ ಬರಹ ಹಾಳೆಯ ಅಂಚನ್ನು ದಾಟಿ ಪಕ್ಕದ ಹಾಳೆಯ ಮೇಲೆ ಹರಿಯುತ್ತಿತ್ತು. ನಮ್ಮ ಮಹೋನ್ನತವೂ ಹಾಳೆಯ ಅಂಚಿನಲ್ಲಿಯೇ ಜಾರಿದ್ದೆಂಬುದನ್ನು ಶಿಷ್ಯನು ನೆನಪಿಸದೆ ಬಿಡಲಿಲ್ಲ.

ಯಾರೂ ಓದಬಹುದಾದ ಗ್ರಂಥದಲ್ಲಿ ಹೀಗಾದರೆ, ಕಂಪನಿಗಳು ಬೀಗ ಹಾಕಿಟ್ಟ ಗ್ರಂಥಗಳಲ್ಲಿ ಹೇಗೆ? ಅಲ್ಲಿಯ ಕಥೆಯೊಂದು ಇನ್ನೂ ಸ್ವಾರಸ್ಯವಾಗಿದೆ. 2021ರಲ್ಲಿ ಸೆಂಟಿನೆಲ್‌ಒನ್ ಎಂಬ ಸಂಸ್ಥೆಯ ಸಂಶೋಧಕರು ಹೊಸದೊಂದು ಎಚ್‌ಪಿ ಮುದ್ರಣಯಂತ್ರವನ್ನು ಹೊಂದಿಸುತ್ತಿದ್ದಾಗ, ಬೇರೊಂದು ಉಪಕರಣದ ಎಚ್ಚರಿಕೆಯಿಂದ, 2005ರ ಹಳೆಯ ಡ್ರೈವರೊಂದು ಒಳಗೆ ಬಂದು ಕುಳಿತಿರುವುದನ್ನು ಕಂಡರು. ಹೊಸ ಮನೆಯ ಗೃಹಪ್ರವೇಶಕ್ಕೆ ಹಳೆಯ ಕೀಲಿಯವನೊಬ್ಬನು ಕರೆಯದೆ ಬಂದಂತೆ! ನೋಡಿದರೆ ಎಚ್‌ಪಿ, ಸ್ಯಾಮ್‌ಸಂಗ್, ಝೆರಾಕ್ಸ್ ಈ ಮೂರು ಹೆಸರಿನ ಅನೇಕ ಮಾದರಿಯ ಮುದ್ರಣಯಂತ್ರಗಳೊಡನೆ ಅದು ಹದಿನಾರು ವರ್ಷಗಳಿಂದ ಲೋಕದ ಲಕ್ಷಾಂತರ ವಿಂಡೋಸ್ ಗಣಕಗಳಿಗೆ ಹೋಗಿತ್ತು. ಮುದ್ರಣಯಂತ್ರವನ್ನು ಜೋಡಿಸಿರಲಿ ಬಿಟ್ಟಿರಲಿ, ಗಣಕ ಎಚ್ಚರವಾದಾಗಲೆಲ್ಲ ತಾನೂ ಎಚ್ಚರವಾಗುತ್ತಿತ್ತು.

ಅದರ ತಪ್ಪು ಇಷ್ಟೆ. ಹೊರಗಿನವನು ಒಂದು ಸರಕನ್ನು ತಂದು “ಇದು ಇಷ್ಟು ಸೇರು ಉಂಟು” ಎನ್ನುತ್ತಾನೆ. ಉಗ್ರಾಣಿಯು ತನ್ನ ಡಬ್ಬಿ ಎಷ್ಟು ದೊಡ್ಡದೆಂದು ನೋಡದೆ, ಅವನು ಹೇಳಿದ ಲೆಕ್ಕವನ್ನೇ ನಂಬಿ ಸುರಿದುಕೊಳ್ಳುತ್ತಾನೆ. ಡಬ್ಬಿ ತುಂಬಿ ಪಕ್ಕದ ಡಬ್ಬಿಗಳ ಮೇಲೆಲ್ಲ ಚೆಲ್ಲುತ್ತದೆ. ಹಳ್ಳಿಯ ಅಂಗಡಿಯವನೂ ಮಾಡದ ತಪ್ಪು. ಸಂಶೋಧಕರಿಗೆ ಅಲ್ಲಿ ಮತ್ತೊಂದು ಕುರುಹು ದೊರೆಯಿತು. ಇದು ಡ್ರೈವರಿನಿಂದ ಬಂದ ಮಾತು ಎಂಬ ಅರ್ಥದ, ಯಾವ ಕೆಲಸಕ್ಕೂ ಬಾರದ ಒಂದು ವಾಕ್ಯ ಒಳಗಿತ್ತು. ಹುಡುಕಿದಾಗ ಅದು ಮೈಕ್ರೋಸಾಫ್ಟ್ ಸಂಸ್ಥೆ ಕಲಿಯುವವರಿಗೆಂದು ಪ್ರಕಟಿಸಿದ್ದ ಮಾದರಿ ಡ್ರೈವರಿನ ವಾಕ್ಯವೆಂದು ತಿಳಿಯಿತು. ಮಾದರಿಯನ್ನು ಪ್ರತಿಮಾಡಿಕೊಂಡು ಈ ಡ್ರೈವರನ್ನು ಕಟ್ಟಿದ್ದರೆಂದು ಸಂಶೋಧಕರು ಊಹಿಸಿದರು. ಮಾದರಿಯಲ್ಲಿ ಆ ತಪ್ಪು ಇರಲಿಲ್ಲ! ಮೂಲದ ನಿರುಪಯುಕ್ತ ವಾಕ್ಯವನ್ನು ಭಕ್ತಿಯಿಂದ ಉಳಿಸಿಕೊಂಡು ತಪ್ಪನ್ನು ಮಾತ್ರ ಸ್ವಂತವಾಗಿ ಸೇರಿಸುವ ಲಿಪಿಕಾರನ ಪರಿಚಯ ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆಲ್ಲ ಚೆನ್ನಾಗಿದೆ. ಪಾಠಭೇದಗಳನ್ನು ಹೋಲಿಸಿ ಯಾವ ಪ್ರತಿ ಯಾವ ಪ್ರತಿಯ ಮಗುವೆಂದು ನಿರ್ಣಯಿಸುವ ನಮ್ಮ ವಿದ್ಯೆ ಅಲ್ಲಿಯೂ ನಡೆಯುತ್ತಿದೆಯೆಂದು ತಿಳಿದಾಗ, ವಿದ್ವಾನ್ ಪರೀಕ್ಷೆಗೆಂದು ನಿದ್ದೆಗೆಟ್ಟ ರಾತ್ರಿಗಳು ನೆನಪಾದುವು. ಫೆಬ್ರವರಿಯಲ್ಲಿ ತಪ್ಪನ್ನು ಎಚ್‌ಪಿಗೆ ತಿಳಿಸಿದರು. ಮೇ ತಿಂಗಳಿನಲ್ಲಿ ತಿದ್ದುಪಡಿ ಬಂತು. ಜುಲೈಯಲ್ಲಿ ಲೋಕಕ್ಕೆ ವಿವರವಾಗಿ ತಿಳಿಸಿದರು.

ತಿದ್ದಲಾಗದೆ ಕಿತ್ತೇ ಹಾಕಿದ ಉದಾಹರಣೆಯೂ ಉಂಟು. ಅಗಿಯರ್ ಎಂಬ ಹೆಸರಿನ ಮೋಡೆಮಿನ ಡ್ರೈವರು, ದೂರವಾಣಿಯ ತಂತಿಯಲ್ಲಿ ಫ್ಯಾಕ್ಸ್ ಕಳುಹಿಸುತ್ತಿದ್ದ ಕಾಲದ್ದು, ವಿಂಡೋಸಿನೊಡನೆ ತಾನಾಗಿಯೇ ಬರುತ್ತಿತ್ತು. ಅದರ ತಪ್ಪನ್ನು ದುಷ್ಟರು ಬಳಸುತ್ತಿದ್ದುದು ಗೊತ್ತಾದಾಗ ಮೈಕ್ರೋಸಾಫ್ಟ್ 2025ರ ಅಕ್ಟೋಬರಿನಲ್ಲಿ ಡ್ರೈವರನ್ನೇ ತೆಗೆದುಹಾಕಿತು. ಮೋಡೆಮನ್ನು ಬಳಸದ ಗಣಕಗಳಿಗೂ ಅಪಾಯವಿತ್ತೆಂದು ಅದೇ ಸಂಸ್ಥೆ ತಿಳಿಸಿತು. ಇನ್ನೂ ಆ ಮೋಡೆಮನ್ನೇ ನೆಚ್ಚಿಕೊಂಡವರ ಫ್ಯಾಕ್ಸ್ ನಿಂತುಹೋಯಿತು. ಅವರ ಕಷ್ಟವನ್ನೂ ಮರೆಯಬಾರದು.

ಈ ಎಲ್ಲ ಕಥೆಗಳಲ್ಲಿ ನಮ್ಮನ್ನು ಕಾಡಿದ ಮಾತು ಒಂದೇ. ತಪ್ಪು ಉಳಿದುದು ಕಠಿನವಾಗಿದ್ದುದರಿಂದಲ್ಲ. ಉಗ್ರಾಣಿಯ ಡಬ್ಬಿಯ ತಪ್ಪನ್ನು ಎಂಟನೆಯ ತರಗತಿಯ ಮಗುವಿಗೂ ವಿವರಿಸಬಹುದು. ಈಗಷ್ಟೆ ತಾವೆಲ್ಲರೂ ಅದನ್ನು ತಿಳಿದುಕೊಂಡಿರಿ. ಅದು ಉಳಿದುದು, ಇಷ್ಟು ದಿನ ತೊಂದರೆಯಾಗಲಿಲ್ಲವಾದುದರಿಂದ ಸರಿಯಾಗಿಯೇ ಇರಬೇಕೆಂದು ಎಲ್ಲರೂ ತಿಳಿದುದರಿಂದ. ಹಳೆಯದು ಎಂಬುದೇ ಅದಕ್ಕೆ ಯೋಗ್ಯತಾಪತ್ರವಾಗಿತ್ತು. ನಮ್ಮ ಟಿಪ್ಪಣಿಗೂ ಅದೇ ಯೋಗ್ಯತಾಪತ್ರ. “ವಿದ್ವಾಂಸರು ಬರೆದದ್ದು, ಹನ್ನೊಂದು ವರ್ಷದಿಂದ ನಡೆದುಬಂದದ್ದು” ಎಂದು ಮಕ್ಕಳು ನಂಬಿದರು. ಆ ಹುಡುಗಿ ಬಂದು ಕೇಳಿದಾಗ ನಮ್ಮ ಬಾಯಿಂದ ಮೊದಲು ಹೊರಟ ಮಾತು ಏನು ಗೊತ್ತೆ? “ಟಿಪ್ಪಣಿಯಲ್ಲಿ ಸರಿಯಾಗಿಯೇ ಇದೆ, ನೀನು ಇನ್ನೊಮ್ಮೆ ನೋಡು.” ಹಾಳೆಯನ್ನು ನೋಡದೆಯೇ ಹೇಳಿದ್ದೆವು. ಆಕೆ ಅಲ್ಲಿಂದ ಹೊರಟುಹೋಗಬಹುದಿತ್ತು. ಹೋಗಲಿಲ್ಲ, ಹಾಳೆಯನ್ನು ಮೇಜಿನ ಮೇಲಿಟ್ಟು ನಿಂತುಕೊಂಡಳು. ಹಾಗೆ ನಿಂತುಕೊಳ್ಳದೆ ಹೋದ ಮಕ್ಕಳು ಹಿಂದಿನ ವರ್ಷಗಳಲ್ಲಿ ಎಷ್ಟು ಮಂದಿಯೋ ಎಂಬ ಯೋಚನೆ ಆ ರಾತ್ರಿ ನಮಗೆ ನಿದ್ದೆ ಕೊಡಲಿಲ್ಲ.

ತಾಯಂದಿರು ಪಾಲಕರ ಸಭೆಯಲ್ಲಿ ಆಗಾಗ ಒಂದು ಪ್ರಶ್ನೆ ಕೇಳುವುದುಂಟು. ಫೋನಿನಲ್ಲಿಯೂ ಗಣಕದಲ್ಲಿಯೂ ಅಪ್‌ಡೇಟ್ ಮಾಡಿರಿ ಎಂದು ಮತ್ತೆ ಮತ್ತೆ ಪೀಡಿಸುತ್ತದೆ, ಮಾಡದಿದ್ದರೆ ಏನಾಗುತ್ತದೆ ಎಂದು. ಅದರೊಳಗೆ ಅನೇಕ ಸಲ ಇರುವುದು ಇಂತಹ ತಿದ್ದೋಲೆ. ತಪ್ಪು ಸಿಕ್ಕಿತೆಂಬ ಸುದ್ದಿ ಬಹಿರಂಗವಾದ ದಿನದಿಂದ ದುಷ್ಟರಿಗೂ ಅದು ಗೊತ್ತು. ತಿದ್ದೋಲೆಯನ್ನು ಅಂಟಿಸಿಕೊಳ್ಳದ ಗಣಕ ಮಾತ್ರ ಹಳೆಯ ತಪ್ಪಿನೊಡನೆಯೇ ಕುಳಿತಿರುತ್ತದೆ. ನಮ್ಮ ಶಿಷ್ಯನು ಕಳೆದ ರಜೆಯಲ್ಲಿ ಸಂಘದ ಕಚೇರಿಯ ಹಳೆಯ ವಿಂಡೋಸ್ ಗಣಕವನ್ನೂ ತೆರೆದು ನೋಡಿದನು. ನಾಲ್ಕು ವರ್ಷಗಳ ಹಿಂದೆ ಕೆಟ್ಟು ಗುಜರಿಯವನಿಗೆ ಕೊಟ್ಟ ಮುದ್ರಣಯಂತ್ರದ ಡ್ರೈವರು ಅದರಲ್ಲಿ ದಿನವೂ ಎಚ್ಚರವಾಗುತ್ತಲೇ ಇತ್ತು. ಅದನ್ನು ತೆಗೆದುಹಾಕಿ, ಎರಡು ವರ್ಷಗಳಿಂದ ಬಾಕಿಯಿದ್ದ ತಿದ್ದೋಲೆಗಳನ್ನೆಲ್ಲ ಅಂಟಿಸಿದನು. ಅದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಕಾರ್ಯದರ್ಶಿಗಳು ಚಹಾ ತರಿಸಿದರು.

ಇನ್ನು ನಮ್ಮ ತಿದ್ದೋಲೆ. ಈ ಸಭೆಯಲ್ಲಿ ಆ ಹನ್ನೊಂದು ವರ್ಷಗಳ ಶಿಷ್ಯರು ಹಲವರು ಕುಳಿತಿರುವುದನ್ನು ಕಾಣುತ್ತಿದ್ದೇವೆ. ಕೆಲವರು ಈಗ ತಾವೇ ಅಧ್ಯಾಪಕರು. ಸಂಧಿಪ್ರಕರಣದ ಟಿಪ್ಪಣಿ ಯಾರ ಮನೆಯಲ್ಲಿ ಉಳಿದಿದ್ದರೂ, ಎರಡನೆಯ ಹಾಳೆಯ ಮೊದಲನೆಯ ಪದವನ್ನು ದಯವಿಟ್ಟು ಹೊಡೆದುಹಾಕಿ, ಮೊದಲನೆಯ ಹಾಳೆಯ ಕೊನೆಯಲ್ಲಿ ಗುಣಸಂಧಿಯ ಕೆಳಗೆ ಬರೆದುಕೊಳ್ಳಿರಿ. ತಮ್ಮಂದಿರಿಗೆ, ನೆರೆಮನೆಯ ಮಕ್ಕಳಿಗೆ ಕೊಟ್ಟಿದ್ದರೆ ಅವರಿಗೂ ತಿಳಿಸಿರಿ. ಉಳಿದ ಉದಾಹರಣೆಗಳನ್ನು ನಾವು ಒಂದೊಂದಾಗಿ ಮತ್ತೆ ಬಿಡಿಸಿ ನೋಡುತ್ತಿದ್ದೇವೆ. ಸವರ್ಣದೀರ್ಘ ಮುಗಿದಿದೆ, ಯಣ್‌ಸಂಧಿ ಅರ್ಧವಾಗಿದೆ. ಮತ್ತೇನಾದರೂ ಸಿಕ್ಕಿದರೆ ಶಾಲೆಯ ಫಲಕದಲ್ಲಿ ಹಾಕುವೆವು.